ಕಾರ್ತೇಜಿನ ಬಿಷಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಆದಿ ಕ್ರೈಸ್ತ ಸಭೆಯ ಚರಿತ್ರೆ ಕುರಿತು ಎಲ್ಲಿ ಮಾತಿಗೆ ಕೂತರೂ ಕೊನೆಗೆ ಮಾತು ಬಿಷಪನ ಹತ್ತಿರ ಬಂದು ನಿಲ್ಲುತ್ತದೆ. ಕೆಲವರು ಪತ್ರ ಬರೆದು ಕೇಳಿದ್ದಾರೆ, ಕೆಲವರು ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಹಿಡಿದು ನಿಲ್ಲಿಸಿ ಕೇಳಿದ್ದಾರೆ. ಕ್ರೈಸ್ತರಲ್ಲದ ಗೆಳೆಯರ ಪ್ರಶ್ನೆಗಳು ಇನ್ನೂ ಚುರುಕು. ಎಲ್ಲ ಊರುಗಳ ಕಥೆಯನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ಕೈಗೆ ಸಿಗುವುದಿಲ್ಲ. ಹಾಗಾಗಿ ಒಂದೇ ಊರನ್ನು, ಅದರಲ್ಲೂ ಹೆಚ್ಚಾಗಿ 3ನೇ ಶತಮಾನದ ನಡುವಿನ ಹತ್ತು ವರ್ಷಗಳನ್ನು ಹಿಡಿದಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಶುರುವಿಗೆ

ಬಿಷಪ್ ಅಂದ್ರೆ ಪಾದ್ರಿಗಳಿಗೆಲ್ಲ ದೊಡ್ಡ ಪಾದ್ರಿ, ಅಷ್ಟೇ ತಾನೆ?

ಇವತ್ತಿನ ಲೆಕ್ಕಕ್ಕೆ ಸರಿ. ನಮಗೆ ದಿನಾ ಸಿಗುವವರು ನಮ್ಮ ಚರ್ಚಿನ ಪಾದ್ರಿ. ಬಿಷಪರು ದೃಢೀಕರಣಕ್ಕೋ ಹಬ್ಬಕ್ಕೋ ಬಂದುಹೋಗುವವರು. ಕಾರ್ತೇಜಿನಲ್ಲಿ ಹಾಗಿರಲಿಲ್ಲ. ದೀಕ್ಷಾಸ್ನಾನ ಕೊಡುವುದು, ರೊಟ್ಟಿ-ದ್ರಾಕ್ಷಾರಸದ ಪೂಜೆ ನಡೆಸುವುದು, ಉಪದೇಶ ಮಾಡುವುದು, ತಪ್ಪಿದವರನ್ನು ಹೊರಗಿಡುವುದು, ಮತ್ತೆ ಒಳಗೆ ಕರೆದುಕೊಳ್ಳುವುದು, ಇವೆಲ್ಲ ಮೊದಲು ಬಿಷಪನ ಕೆಲಸ. ಉಳಿದವರು ಅವನ ಪರವಾಗಿ ಮಾಡುತ್ತಿದ್ದರು.

ಗ್ರೀಕಿನ 'ಎಪಿಸ್ಕೊಪೊಸ್' ಎಂದರೆ ಮೇಲ್ವಿಚಾರಣೆ ನಡೆಸುವವನು. ಹಳೆಯ ಕನ್ನಡ ಬೈಬಲಿನಲ್ಲಿ ಇವನು 'ಸಭಾಧ್ಯಕ್ಷ', ಕಥೋಲಿಕರ ಬಾಯಲ್ಲಿ 'ಧರ್ಮಾಧ್ಯಕ್ಷ'. ಹೊಸ ಒಡಂಬಡಿಕೆಯಲ್ಲಿ 'ಸಭೆಯ ಹಿರಿಯರು' ಮತ್ತು 'ಸಭಾಧ್ಯಕ್ಷರು' ಎಂಬ ಎರಡು ಹೆಸರೂ ಒಂದೇ ಜನಕ್ಕೆ ಸಲ್ಲುವುದುಂಟು. ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದಲ್ಲಿ ಪೌಲ ಎಫೆಸದ ಹಿರಿಯರನ್ನು ಕರೆಸಿ ಮಾತಾಡುವ ಜಾಗ ನೋಡಿ. ಒಂದು ಊರಿಗೆ ಒಬ್ಬನೇ ಬಿಷಪ್, ಅವನ ಸುತ್ತ ಹಿರಿಯರ ಮಂಡಳಿ, ಕೈಗೆ ಸಭಾಸೇವಕರು ಎಂಬ ಏರ್ಪಾಡನ್ನು 2ನೇ ಶತಮಾನದ ಮೊದಲ ದಶಕಗಳಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಬಹಳ ಒತ್ತಿ ಹೇಳಿದ. ಎಷ್ಟು ಒತ್ತಿ ಎಂದರೆ, ಅದಿನ್ನೂ ಎಲ್ಲ ಕಡೆ ಗಟ್ಟಿಯಾಗಿರಲಿಲ್ಲವೇನೋ ಎಂಬ ಅನುಮಾನ ನನಗೆ ಬರುತ್ತದೆ. ಒಪ್ಪಿತವಾದ ಸಂಗತಿಯನ್ನು ಯಾರೂ ಅಷ್ಟು ಸಲ ಹೇಳುವುದಿಲ್ಲ. 3ನೇ ಶತಮಾನದ ಕಾರ್ತೇಜಿಗೆ ಬರುವ ಹೊತ್ತಿಗೆ ಅದು ಪ್ರಶ್ನಾತೀತವಾಗಿತ್ತು.

ಕಾರ್ತೇಜ್ ಎಲ್ಲಿದೆ? ರೋಮ್ ಬಿಟ್ಟು ಅದನ್ನೇ ಯಾಕೆ ಆರಿಸಿದಿರಿ?

ಈಗಿನ ಟುನೀಷಿಯಾದ ರಾಜಧಾನಿ ಟ್ಯೂನಿಸ್‌ಗೆ ಅಂಟಿಕೊಂಡಿದೆ. ಕ್ರಿ.ಪೂ. 146ರಲ್ಲಿ ರೋಮನ್ನರು ನೆಲಸಮ ಮಾಡಿದ್ದ ಹ್ಯಾನಿಬಲ್‌ನ ಊರೇ ಅದು. ಆಮೇಲೆ ಅವರೇ ಮತ್ತೆ ಕಟ್ಟಿಸಿದರು. ಆಫ್ರಿಕಾ ಪ್ರಾಂತ್ಯದ ಅಧಿಪತಿ, ಅಂದರೆ ಪ್ರೊಕಾನ್ಸಲ್, ಕೂರುತ್ತಿದ್ದದ್ದು ಅಲ್ಲೇ. ರೋಮ್ ನಗರದ ಹೊಟ್ಟೆಗೆ ಬೇಕಾದ ಗೋಧಿ ಅಲ್ಲಿನ ಬಂದರಿನಿಂದ ಹೊರಡುತ್ತಿತ್ತು. ಲ್ಯಾಟಿನ್ ಭಾಷೆಯ ಕ್ರೈಸ್ತ ಸಾಹಿತ್ಯ ಗಟ್ಟಿಯಾಗಿ ಬೇರೂರಿದ್ದೂ ರೋಮಿಗಿಂತ ಮೊದಲು ಇಲ್ಲಿ, ಇದೇ ಊರಿನ ಲೇಖಕ ಟೆರ್ಟುಲಿಯನ್‌ನ ಕೈಯಲ್ಲಿ.

ಆಯ್ಕೆಗೆ ಕಾರಣ ಸರಳ: ಕಾಗದಪತ್ರ ಉಳಿದಿದೆ. 248–49ರ ಸುಮಾರಿಗೆ ಬಿಷಪನಾಗಿ 258ರಲ್ಲಿ ತಲೆಕೊಟ್ಟ ಸಿಪ್ರಿಯನ್ ಬರೆದ ಮತ್ತು ಅವನಿಗೆ ಬಂದ 80ಕ್ಕೂ ಹೆಚ್ಚು ಪತ್ರಗಳು ನಮ್ಮ ಕೈಲಿವೆ. ಅದೇ ಕಾಲದ ಬೇರೆ ಬಿಷಪರ ಬಗ್ಗೆ ನಮಗೆ ಸಿಗುವುದು ಹೆಸರು, ತಾರೀಖು, ಒಂದೆರಡು ದಂತಕಥೆ. ಇವನೊಬ್ಬನ ಕಚೇರಿಯೊಳಗೆ ಮಾತ್ರ ನಾವು ಹೊಕ್ಕು ನೋಡಬಹುದು: ಯಾರಿಗೆ ಹಣ ಹೋಯಿತು, ಯಾರ ಮೇಲೆ ಸಿಟ್ಟು ಬಂತು, ಯಾವ ಪತ್ರಕ್ಕೆ ಉತ್ತರ ತಡವಾಯಿತು, ಎಲ್ಲ.

ಸಂತರನ್ನ ಏಕವಚನದಲ್ಲಿ ಬರೀತೀರಲ್ಲ, ಸರೀನಾ?

ಇತಿಹಾಸ ಬರೆಯುವಾಗ ಅಶೋಕ, ಪುಲಕೇಶಿ ಎಲ್ಲರೂ ಏಕವಚನದಲ್ಲೇ ಬರುತ್ತಾರೆ. ಪ್ರಾರ್ಥನೆಯಲ್ಲಿ ನಾನೂ ಬಹುವಚನ ಬಳಸುತ್ತೇನೆ. ಸಿಪ್ರಿಯನರ ಹಬ್ಬ ಸೆಪ್ಟೆಂಬರ್ 16, ರೋಮಿನ ಕಾರ್ನೆಲಿಯಸರ ಜೊತೆಗೆ.

ಆಗಲೂ ಎತ್ತರದ ಟೋಪಿ, ದಂಡ, ಸಿಂಹಾಸನ ಇತ್ತಾ?

ಟೋಪಿ ಇಲ್ಲ, ದಂಡ ಇಲ್ಲ. ಪೀಠ ಮಾತ್ರ ಇತ್ತು. ಪಾಠ ಓದುವವನು ಹತ್ತಿ ನಿಲ್ಲಲು ಒಂದು ಕಟ್ಟೆಯೂ ಇತ್ತೆಂದು ಸಿಪ್ರಿಯನ್‌ನ ಪತ್ರಗಳಿಂದ ಗೊತ್ತಾಗುತ್ತದೆ. ಬಿಷಪನ ಪೀಠಕ್ಕೆ ಬಿಳಿಯ ನಾರುಬಟ್ಟೆ ಹಾಸುವ ವಾಡಿಕೆಯಿತ್ತು ಎಂಬುದು ಒಂದು ವಿಚಿತ್ರ ಜಾಗದಿಂದ ತಿಳಿಯುತ್ತದೆ. ಸಿಪ್ರಿಯನ್‌ನ ಸಭಾಸೇವಕ ಪೊಂಟಿಯಸ್ ಅವನ ಜೀವನಚರಿತ್ರೆ ಬರೆದಿದ್ದಾನೆ. ಕೊನೆಯ ದಿನ ವಿಚಾರಣೆಗೆ ಕಾಯುತ್ತಿದ್ದಾಗ ಸಿಪ್ರಿಯನ್ ಕೂತ ಆಸನದ ಮೇಲೆ ಆಕಸ್ಮಿಕವಾಗಿ ಬಟ್ಟೆ ಹಾಸಿತ್ತಂತೆ. ಸಾಯುವ ಹೊತ್ತಿನಲ್ಲೂ ಬಿಷಪನಿಗೆ ಸಲ್ಲುವ ಮರ್ಯಾದೆ ಸಿಕ್ಕಿತು ಎಂದು ಪೊಂಟಿಯಸ್ ಹಿಗ್ಗುತ್ತಾನೆ.

ಬಿಷಪ್‌ಗೆ ಹೆಂಡ್ತಿ ಮಕ್ಕಳು ಇರಬಹುದಿತ್ತಾ?

ಇರಬಹುದಿತ್ತು. 'ಒಬ್ಬಳೇ ಹೆಂಡತಿಯ ಗಂಡ' ಆಗಿರಬೇಕು ಎಂಬುದು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಷರತ್ತು. ಸಿಪ್ರಿಯನ್‌ನನ್ನು ಕ್ರೈಸ್ತ ಮತಕ್ಕೆ ತಂದ ಹಿರಿಯ ಸೆಸಿಲಿಯನ್ ಸಾಯುವಾಗ ತನ್ನ ಹೆಂಡತಿ ಮಕ್ಕಳನ್ನು ಸಿಪ್ರಿಯನ್‌ನ ಕೈಗೆ ಒಪ್ಪಿಸಿ ಹೋದ. ಗುರುಗಳು ದಾಂಪತ್ಯದಿಂದ ದೂರವಿರಬೇಕೆಂಬ ನಿಯಮ 4ನೇ ಶತಮಾನದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಬಿಷಪರ ಸಭೆಯಿಂದ ಶುರುವಾಗಿ ಕಾರ್ತೇಜಿಗೂ ಬಂತು.

## ಆಯ್ಕೆ, ಹಣ, ಆಳುಕಾಳು

ಬಿಷಪ್‌ನ ಯಾರು ಆರಿಸ್ತಿದ್ರು? ರೋಮ್‌ನಿಂದ ಆರ್ಡರ್ ಬರ್ತಿತ್ತಾ?

ಇಲ್ಲ. ಬಿಷಪ್ ಸತ್ತರೆ ಅಕ್ಕಪಕ್ಕದ ಊರುಗಳ ಬಿಷಪರು ಬಂದು ಸೇರುತ್ತಿದ್ದರು. ಊರಿನ ಜನರೆಲ್ಲ ನೆರೆದಿರುವಾಗ, ಅಭ್ಯರ್ಥಿಯ ನಡತೆ ಬಲ್ಲವರ ಎದುರಲ್ಲೇ ಆಯ್ಕೆ ನಡೆಯಬೇಕು. ಬಂದ ಬಿಷಪರು ಒಪ್ಪಿ ಅವನ ತಲೆಯ ಮೇಲೆ ಕೈಯಿಡಬೇಕು. ಜನರ ಮತ, ಬಿಷಪರ ಒಪ್ಪಿಗೆ, ಎರಡರ ಹಿಂದೆ ದೇವರ ತೀರ್ಪು ಎಂಬುದು ಸಿಪ್ರಿಯನ್‌ನ ಲೆಕ್ಕ.

ಇದು ಇಂದಿನ ಮತದಾನದಂತೆ ಕೈಯೆತ್ತಿ ಎಣಿಸುವ ಕೆಲಸವಾಗಿರಲಿಲ್ಲ. ಜನ ಕೂಗುತ್ತಿದ್ದರು. ಸಿಪ್ರಿಯನ್ ದೀಕ್ಷಾಸ್ನಾನ ಪಡೆದು ಹೆಚ್ಚು ಕಾಲವಾಗಿರಲಿಲ್ಲ, ತನಗಿಂತ ಹಳಬರಿಗೆ ಬಿಟ್ಟುಕೊಡುತ್ತೇನೆಂದು ಹಿಂದೆ ಸರಿದ. ಜನ ಅವನ ಮನೆಗೆ ಮುತ್ತಿಗೆ ಹಾಕಿ, ಬಾಗಿಲು ದಾರಿಗಳನ್ನೆಲ್ಲ ಕಟ್ಟಿ ಕೂತರು ಎನ್ನುತ್ತಾನೆ ಪೊಂಟಿಯಸ್. ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿದವರನ್ನು ಬಿಟ್ಟು ನಿನ್ನೆ ಬಂದವನನ್ನು ಮೇಲೆ ಕೂರಿಸಿದರೆ ಯಾವ ಕಚೇರಿಯಲ್ಲಾದರೂ ಆಗುವುದೇ ಅಲ್ಲೂ ಆಯಿತು. ಐವರು ಹಿರಿಯರ ಆ ಮುನಿಸು ಅವನನ್ನು ಬಹುಕಾಲ ಕಾಡಿತು.

ಹೋಲಿಕೆ ಕೇಳುವವರಿಗೆ: ಇಂದು ಬೆಂಗಳೂರು, ಮಂಗಳೂರಿನ ಕಥೋಲಿಕ ಬಿಷಪರನ್ನು ನೇಮಿಸುವುದು ಪೋಪ್. ಪ್ರೊಟೆಸ್ಟೆಂಟರ ಸಿಎಸ್ಐ (ದಕ್ಷಿಣ ಭಾರತ ಸಭೆ)ಯಲ್ಲಿ ಮತದಾನಕ್ಕೆ ಪಾಲಿದೆ. ಮೂಲ ಪದ್ಧತಿ ನಮ್ಮದೇ ಎಂದು ಇಬ್ಬರೂ ವಾದಿಸಬಹುದು. ಇಬ್ಬರಿಗೂ ಕಾರ್ತೇಜ್ ಪೂರ್ತಿ ಒದಗುವುದಿಲ್ಲ.

ಸಿಪ್ರಿಯನ್ ಶ್ರೀಮಂತನಂತೆ. ದುಡ್ಡು ನೋಡಿ ಆರಿಸಿದರಾ?

ದುಡ್ಡೂ ಒಂದು ಕಾರಣ ಎಂದೇ ನನ್ನ ಅಂದಾಜು. ಅವನು ಹೆಸರಾದ ವಾಗ್ಮಿ, ಊರಿನಲ್ಲಿ ತೋಟದ ಮನೆಯಿದ್ದವನು. ಮತಕ್ಕೆ ಸೇರಿದಾಗ ಬಡವರಿಗಾಗಿ ಆ ತೋಟವನ್ನು ಮಾರಿದ, ಅದು ಹೇಗೋ ಮತ್ತೆ ಅವನ ಕೈಗೇ ಬಂತು. ರೋಮನ್ ನಗರದಲ್ಲಿ ದೊಡ್ಡ ಮನುಷ್ಯನೆಂದರೆ ಬೆಳಗಾದರೆ ಮನೆ ಮುಂದೆ ಜನ ನಿಂತಿರಬೇಕು: ಒಬ್ಬನಿಗೆ ಶಿಫಾರಸು, ಒಬ್ಬನಿಗೆ ಊಟ, ಒಬ್ಬನಿಗೆ ಕೋರ್ಟಿನಲ್ಲಿ ಮಾತು. ಕ್ರೈಸ್ತ ಬಡವರಿಗೂ ಅಂಥ ಆಸರೆ ಬೇಕಿತ್ತು, ಆ ಗತ್ತು ಅವನಿಗೆ ರೂಢಿಯಿತ್ತು. 250ರಲ್ಲಿ ಕ್ರೈಸ್ತರ ಮೇಲೆ ಸರ್ಕಾರದ ಹಿಂಸೆ ಶುರುವಾಗಿ ತಲೆಮರೆಸಿಕೊಂಡಿದ್ದಾಗಲೂ (ಆ ಕಥೆ ಮುಂದಿದೆ) ಸ್ವಂತ ಹಣದಲ್ಲಿ ಒಂದು ಪಾಲನ್ನು ರೊಗಾಷಿಯನಸ್ ಎಂಬ ಹಿರಿಯನ ಹತ್ತಿರ ಬಿಟ್ಟು, ಸಾಲದೆ ಹೋದೀತೆಂದು ಇನ್ನೊಂದು ಪಾಲನ್ನು ನಾರಿಕಸ್ ಎಂಬ ಸಹಾಯಕನ ಕೈಲಿ ಕಳಿಸಿದ. ವಿಧವೆಯರು, ರೋಗಿಗಳು, ಪರಸ್ಥಳದಿಂದ ಬಂದ ಬಡವರು ಆ ಪತ್ರದ ಪಟ್ಟಿಯಲ್ಲಿದ್ದಾರೆ.

ಚರ್ಚಿನ ಹುಂಡಿ ಯಾರ ಕೈಲಿತ್ತು? ಲೆಕ್ಕ ಕೇಳೋರು ಇದ್ರಾ?

ಬಿಷಪನ ಕೈಲಿ. ನನ್ನ ಪ್ರಕಾರ ಈ ಹುದ್ದೆಯನ್ನು ಅರ್ಥಮಾಡಿಕೊಳ್ಳಲು ಬೀಗದ ಕೈ ಇರುವುದೇ ಇಲ್ಲಿ.

ಟೆರ್ಟುಲಿಯನ್ 2ನೇ ಶತಮಾನದ ಕೊನೆಗೆ ಬರೆದ ಪ್ರಕಾರ ಪ್ರತಿಯೊಬ್ಬನೂ ತಿಂಗಳಿಗೊಮ್ಮೆ, ಮನಸ್ಸು ಬಂದರೆ, ಕೈಲಾದಷ್ಟು ಹಾಕುತ್ತಿದ್ದ, ಬಲವಂತವಿಲ್ಲ. ಆ ಹಣ ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ಅನಾಥರಿಗೆ, ಮುದಿಯಾದ ಆಳುಗಳಿಗೆ, ಹಡಗು ಮುಳುಗಿ ಎಲ್ಲ ಕಳೆದುಕೊಂಡವರಿಗೆ, ನಂಬಿಕೆಗಾಗಿ ಗಣಿಗೋ ದ್ವೀಪಕ್ಕೋ ಸೆರೆಮನೆಗೋ ಹೋದವರಿಗೆ. ಸಿಪ್ರಿಯನ್‌ನ ಕಾಲಕ್ಕೆ ಗುರುವರ್ಗಕ್ಕೂ ತಿಂಗಳ ಪಾಲು ಸಿಗುತ್ತಿತ್ತು. ಸೆಲೆರಿನಸ್, ಔರೇಲಿಯಸ್ ಎಂಬ ಇಬ್ಬರು ಯುವಕರು ಹಿಂಸೆ ತಾಳಿ ಬಂದಾಗ ಅವರನ್ನು ಪಾಠಕರನ್ನಾಗಿ ನೇಮಿಸಿ, 'ಇವರಿಗೆ ಹಿರಿಯರಿಗೆ ಸಲ್ಲುವಷ್ಟೇ ಪಾಲು ಕೊಡಿ' ಎಂದು ಬರೆಯುತ್ತಾನೆ. ಬಡ್ತಿ ಈಗ ಬೇಡ, ಸಂಬಳ ಮಾತ್ರ ಈಗಲೇ!

ಹುಂಡಿ ಯಾರ ಕೈಲಿದೆಯೋ ಜನ ಅವರ ಕಡೆ. ಇದು ಅವನ ಎದುರಾಳಿಗಳಿಗೂ ಗೊತ್ತಿತ್ತು. ಬಿಷಪ್ ಊರಲ್ಲಿಲ್ಲದಾಗ ಅವನ ಪ್ರತಿನಿಧಿಗಳು ಬಡವರ ಪಟ್ಟಿ ಮಾಡಿ ಹಣ ಹಂಚಲು ಬಂದರು. ಫೆಲಿಸಿಸ್ಸಿಮಸ್ ಎಂಬವನು ಅಡ್ಡ ನಿಂತು, ಅವರಿಂದ ಹಣ ಮುಟ್ಟಿದವರು ನಮ್ಮ ಪೂಜೆಗೆ ಬರಕೂಡದು ಎಂದು ಬೆದರಿಸಿದ. ಕಾರ್ತೇಜಿನ ಮೊದಲ ದೊಡ್ಡ ಒಡಕು ಕಣ್ಣಿಗೆ ಬೀಳುವುದು ದೇವತಾಶಾಸ್ತ್ರದ ಚರ್ಚೆಯಲ್ಲಲ್ಲ, ಹಣ ಹಂಚುವ ಸಾಲಿನಲ್ಲಿ.

ಕಾರ್ತೇಜಿನ ಪಶ್ಚಿಮಕ್ಕಿದ್ದ ನುಮಿಡಿಯಾದ ಕ್ರೈಸ್ತರನ್ನು ಗಡಿಯಾಚೆಯ ದಾಳಿಕೋರರು ಹೊತ್ತೊಯ್ದಾಗ ಕಾರ್ತೇಜಿನ ಸಭೆ ಬಿಡುಗಡೆಗೆಂದು 1 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಒಟ್ಟು ಮಾಡಿ ಕಳಿಸಿತು. ಜೊತೆಗೆ ಕೊಟ್ಟವರ ಹೆಸರಿನ ಪಟ್ಟಿಯೂ ಹೋಯಿತು, ಅವರಿಗಾಗಿ ಪ್ರಾರ್ಥಿಸಲಿ ಎಂದು. ನಮ್ಮ ದೇವಸ್ಥಾನ, ಚರ್ಚುಗಳ ಗೋಡೆಯ ಮೇಲಿನ ದಾನಿಗಳ ಕಲ್ಲು ನೆನಪಾಗದೆ ಇರುವುದಿಲ್ಲ.

ಲೆಕ್ಕ ಕೇಳುವವರ ವಿಷಯ: ಎಲ್ಲ ಬಿಷಪರೂ ಸಾಚಾ ಆಗಿರಲಿಲ್ಲ ಎನ್ನಲು ಸಿಪ್ರಿಯನ್‌ನೇ ಸಾಕ್ಷಿ. ಊರು ಬಿಟ್ಟು ಪರಪ್ರಾಂತ್ಯದ ಸಂತೆಗಳಲ್ಲಿ ವ್ಯಾಪಾರಕ್ಕೆ ಅಲೆಯುವ, ಮೋಸದಿಂದ ಜಮೀನು ಹೊಡೆಯುವ, ಬಡ್ಡಿಗೆ ಬಡ್ಡಿ ಬೆಳೆಸುವ ಬಿಷಪರನ್ನು ಅವನು ನೇರವಾಗಿ ಬೈದಿದ್ದಾನೆ.

ಅವನ ಕೈಕೆಳಗೆ ಎಷ್ಟು ಜನ ಕೆಲಸ ಮಾಡ್ತಿದ್ರು?

ಕಾರ್ತೇಜಿನ ಪೂರ್ತಿ ಪಟ್ಟಿ ಉಳಿದಿಲ್ಲ, ರೋಮಿನದು ಉಳಿದಿದೆ. 251ರ ಸುಮಾರಿಗೆ ಅಲ್ಲಿನ ಬಿಷಪ್ ಕಾರ್ನೆಲಿಯಸ್ ಕೊಟ್ಟ ಲೆಕ್ಕ: ಹಿರಿಯರು 46, ಸಭಾಸೇವಕರು 7, ಉಪಸೇವಕರು 7, ಪರಿಚಾರಕರು 42, ಭೂತ ಬಿಡಿಸುವವರು, ಪಾಠಕರು, ಬಾಗಿಲು ಕಾಯುವವರು ಸೇರಿ 52, ಸಭೆಯ ಆಸರೆಯಲ್ಲಿದ್ದ ವಿಧವೆಯರು ಮತ್ತು ದಿಕ್ಕಿಲ್ಲದವರು 1500ಕ್ಕೂ ಹೆಚ್ಚು. ಕಾರ್ತೇಜಿನಲ್ಲೂ ಈ ದರ್ಜೆಗಳಲ್ಲಿ ಹೆಚ್ಚಿನವು ಕಾಣುತ್ತವೆ. ಪತ್ರ ಒಯ್ಯುವ ಕೆಲಸ ಸಾಮಾನ್ಯವಾಗಿ ಉಪಸೇವಕ, ಪರಿಚಾರಕರದ್ದು. ಸಾಮ್ರಾಜ್ಯದ ಅಂಚೆ ಸರ್ಕಾರಿ ಕೆಲಸಕ್ಕೆ ಮಾತ್ರ; ಬಿಷಪನಿಗೆ ತನ್ನದೇ ಕಾಲಾಳುಗಳು ಬೇಕಿತ್ತು.

ಆಫ್ರಿಕಾದಲ್ಲಿ ನೂರಾರು ಬಿಷಪ್‌ಗಳು ಇದ್ರು ಅಂತ ಓದಿದೆ. ಅಷ್ಟೊಂದು ಯಾಕೆ?

ನಮ್ಮಲ್ಲಿ ಹಲವು ಜಿಲ್ಲೆ ಸೇರಿ ಒಂದು ಧರ್ಮಪ್ರಾಂತ್ಯ. ಅಲ್ಲಿ ಊರಿಗೊಬ್ಬ, ಕೆಲವೆಡೆ ದೊಡ್ಡ ಜಮೀನ್ದಾರಿಯ ಹಳ್ಳಿಗೂ ಒಬ್ಬ. ಹಾಗಾಗಿ 'ಬಿಷಪ್' ಎಂದೊಡನೆ ಅರಮನೆಯನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಬಹುಪಾಲು ಜನ ಸಣ್ಣ ಊರಿನ, ಎಲ್ಲರ ಮನೆ ಗೊತ್ತಿರುವ ಪಾಲಕರು. ಕಾರ್ತೇಜಿನವನು ಮಾತ್ರ ಇವರೆಲ್ಲರಿಗೂ ಅಣ್ಣನಂತೆ: ಸಭೆ ಕರೆಯುವವನು ಅವನು, ನಡೆಸುವವನು ಅವನು.

## ಕಷ್ಟಕಾಲ

ಹಿಂಸೆ ಶುರುವಾದಾಗ ಸಿಪ್ರಿಯನ್ ಓಡಿಹೋದ. ಹೇಡಿತನ ಅಲ್ವಾ?

ಆಗಿನವರೂ ಇದನ್ನೇ ಕೇಳಿದರು, ಇಷ್ಟು ನೇರವಾಗಿ ಅಲ್ಲ ಅಷ್ಟೆ.

ಚಕ್ರವರ್ತಿ ಡೆಸಿಯಸ್‌ನ ಆಜ್ಞೆಯಂತೆ 250ರಲ್ಲಿ ಎಲ್ಲರೂ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳ ಸಹಿಯ ಪ್ರಮಾಣಪತ್ರ ಪಡೆಯಬೇಕಾಯಿತು. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. ಕಾರ್ತೇಜಿನಲ್ಲಿ ಕ್ರೈಸ್ತರು ಗುಂಪುಗುಂಪಾಗಿ ಹೋಗಿ ಬಲಿ ಕೊಟ್ಟರು. ರೋಮಿನ ಬಿಷಪ್ ಫೇಬಿಯನ್ ಜನವರಿ 20ರಂದು ಪ್ರಾಣ ಕೊಟ್ಟ. ಸಿಪ್ರಿಯನ್ ಊರು ಬಿಟ್ಟು ಅಡಗಿದ. ಅವನ ಆಸ್ತಿ ಮುಟ್ಟುಗೋಲಾಯಿತು. ರೋಮಿನ ಗುರುವರ್ಗ ಕಾರ್ತೇಜಿನವರಿಗೆ ಬರೆದ ಪತ್ರದಲ್ಲಿ ಕುರಿ ಬಿಟ್ಟು ಓಡುವ ಕೂಲಿಯಾಳಿನ ಪ್ರಸ್ತಾಪ ಬಂತು. ಅದು ಸಿಪ್ರಿಯನ್‌ನ ಕೈಗೂ ಸಿಕ್ಕಿತು. ಅವನು ಮಾಡಿದ್ದೇನು ಗೊತ್ತೇ? 'ಬರೆದವರು ಯಾರು, ಯಾರಿಗೆ ಎಂಬುದು ಸ್ಪಷ್ಟವಿಲ್ಲ, ಬರವಣಿಗೆಯೂ ಕಾಗದವೂ ಅನುಮಾನ ತರುತ್ತವೆ, ನಿಮ್ಮದೇ ಹೌದೋ ನೋಡಿ ಹೇಳಿ' ಎಂದು ಪತ್ರವನ್ನೇ ವಾಪಸ್ ಕಳಿಸಿದ. ವಕೀಲರು ಇಂಥ ಉತ್ತರಕ್ಕೆ ತಲೆದೂಗಬೇಕು.

ಅವನ ಸಮರ್ಥನೆ: ತಾನು ಊರಲ್ಲಿದ್ದರೆ ದೊಂಬಿ ಎದ್ದು ಎಲ್ಲರಿಗೂ ಅಪಾಯ. ಅಡಗಿದ ಜಾಗದಿಂದ ಪತ್ರದ ಮೇಲೆ ಪತ್ರ ಬರೆದು ಊರು ನಡೆಸಿದ. ಸೆರೆಮನೆಗೆ ಪೂಜೆ ಮಾಡಿಸಲು ಹೋಗುವ ಹಿರಿಯರು ಒಬ್ಬೊಬ್ಬ ಸಭಾಸೇವಕನ ಜೊತೆ ಸರದಿಯಂತೆ ಹೋಗಲಿ, ಮುಖ ಬದಲಾಗುತ್ತಿದ್ದರೆ ಅನುಮಾನ ಕಡಿಮೆ ಎಂಬಷ್ಟು ಸಣ್ಣ ವಿವರವೂ ಅವುಗಳಲ್ಲಿದೆ. ಹೇಡಿಯ ಕೆಲಸ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಓಟ ಅವನ ಅಧಿಕಾರಕ್ಕೆ ಬಿರುಕು ತಂದಿತು, ಅದು ಅವನಿಗೂ ಗೊತ್ತಿತ್ತು.

ಬಲಿ ಕೊಟ್ಟವರನ್ನ ವಾಪಸ್ ಸೇರಿಸ್ಕೊಳ್ಳೋಕೆ ಯಾಕಷ್ಟು ಜಗಳ? ಕ್ಷಮಿಸಿದ್ರೆ ಆಯ್ತಲ್ಲ?

ಕ್ಷಮಿಸಬೇಕೋ ಬೇಡವೋ ಎಂಬುದಕ್ಕಿಂತ, ಕ್ಷಮಿಸುವ ಹಕ್ಕು ಯಾರದು ಎಂಬುದೇ ಜಗಳದ ಬೇರು.

ಒಂದು ಕಡೆ ಸೆರೆಮನೆಯಲ್ಲಿ ಹಿಂಸೆ ತಾಳಿದವರು. ದೇವರ ಹತ್ತಿರ ಅವರ ಮಾತು ನಡೆಯುತ್ತದೆ ಎಂದು ಜನ ನಂಬಿದ್ದರು. ಜಾರಿಬಿದ್ದವರು ಅವರ ಬಳಿ ಹೋಗಿ 'ಸಮಾಧಾನದ ಚೀಟಿ' ಬರೆಸಿಕೊಳ್ಳತೊಡಗಿದರು. ಕೆಲವು ಚೀಟಿಗಳಲ್ಲಿ 'ಇಂಥವನನ್ನು ಅವನ ಮನೆಯವರ ಸಮೇತ ಸೇರಿಸಿಕೊಳ್ಳಿ' ಎಂದಿತ್ತು. ಮನೆಯವರು ಎಂದರೆ ನಾಲ್ಕು ಜನವೋ ಇಪ್ಪತ್ತೋ ಮೂವತ್ತೋ ಎಂದು ಸಿಪ್ರಿಯನ್ ಗೊಣಗಿದ. ಲೂಸಿಯನ್ ಎಂಬ ಸೆರೆಯಾಳಂತೂ ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಯೊಬ್ಬನ ಹೆಸರಿನಲ್ಲಿ ರಾಶಿರಾಶಿ ಹಂಚಿದ. ಸಿಪ್ರಿಯನ್‌ಗೆ ವಿರೋಧವಾಗಿದ್ದ ಹಿರಿಯರು ಚೀಟಿ ನೋಡಿದ್ದೇ ತಡ ಪೂಜೆಗೆ ಬಿಟ್ಟುಕೊಂಡರು.

ಊರಲ್ಲಿಲ್ಲದ ಬಿಷಪ್, ಊರಲ್ಲೇ ಇದ್ದು ಚರ್ಮ ಸುಲಿಸಿಕೊಂಡ ವೀರರು: ಜನ ಯಾರ ಮಾತು ಕೇಳಬೇಕು? ಸಿಪ್ರಿಯನ್‌ನ ಪಟ್ಟು ಒಂದೇ: ಶಾಂತಿ ಬರಲಿ, ಎಲ್ಲ ಸೇರಿ ಒಬ್ಬೊಬ್ಬರ ಪ್ರಕರಣ ನೋಡೋಣ. 251ರ ಈಸ್ಟರ್ ನಂತರ ಬಿಷಪರ ಸಭೆ ಸೇರಿತು. ಬಲಿ ಕೊಡದೆ ಲಂಚ ಕೊಟ್ಟು ಪ್ರಮಾಣಪತ್ರ ಮಾತ್ರ ಪಡೆದವರನ್ನು ವಿಚಾರಿಸಿ ಸೇರಿಸಿಕೊಳ್ಳಬಹುದು. ನಿಜವಾಗಿ ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲೇ ಇರಲಿ, ಸಾವು ಹತ್ತಿರವಾದಾಗ ಮಾತ್ರ ಪ್ರಸಾದ ಕೊಡಿ ಎಂದಾಯಿತು. ಮತ್ತೆ ಹಿಂಸೆಯ ಮೋಡ ಕವಿದಾಗ ಆ ಎರಡನೆಯವರಿಗೂ ಬಾಗಿಲು ತೆರೆಯಿತು: ಪೂಜೆಯ ದ್ರಾಕ್ಷಾರಸದಲ್ಲಿ ಕ್ರಿಸ್ತನ ರಕ್ತ ಕೊಡದೆ, ನಿಮ್ಮ ರಕ್ತ ಸುರಿಸಿ ಎಂದು ಹೇಗೆ ಹೇಳುವುದು?

ಈ ಮಧ್ಯಮಾರ್ಗ ಎರಡು ಕಡೆಯಿಂದಲೂ ಏಟು ತಿಂದಿತು. ಸಡಿಲಪಂಥದವರು ಫಾರ್ಚುನೇಟಸ್‌ನನ್ನು, ರೋಮಿನ ನೊವೇಷಿಯನ್‌ನ ಬಿಗಿಪಂಥದವರು ಮ್ಯಾಕ್ಸಿಮಸ್‌ನನ್ನು ಬಿಷಪನೆಂದು ಸಾರಿದರು. ಒಂದೇ ಊರಲ್ಲಿ ಮೂವರು ಬಿಷಪರು. 'ಬಿಷಪ್ ಸಭೆಯಲ್ಲಿದ್ದಾನೆ, ಸಭೆ ಬಿಷಪನಲ್ಲಿದೆ' ಎಂಬ ಸಿಪ್ರಿಯನ್‌ನ ಮಾತನ್ನು ಇಂಥ ಬೀದಿಜಗಳದ ನಡುವೆ ಇಟ್ಟು ಓದಬೇಕು.

ಸಾಂಕ್ರಾಮಿಕ ರೋಗ ಬಂದಾಗ ಬಿಷಪ್ ಏನು ಮಾಡಿದ?

252ರ ಸುಮಾರಿಗೆ ಕಾರ್ತೇಜಿಗೆ ಬಂದ ಆ ಪಿಡುಗನ್ನು ಇತಿಹಾಸಕಾರರು ಇವನ ಹೆಸರಿನಿಂದಲೇ ಕರೆಯುತ್ತಾರೆ, ರೋಗಲಕ್ಷಣಗಳನ್ನು ಬರೆದಿಟ್ಟವನು ಇವನಾದ್ದರಿಂದ: ನಿಲ್ಲದ ಭೇದಿ, ಗಂಟಲ ಹುಣ್ಣು, ವಾಂತಿ, ಕೆಂಡದಂಥ ಕಣ್ಣು. ಜನರನ್ನು ಸೇರಿಸಿ ಅವರವರ ಶಕ್ತಿಗೆ ತಕ್ಕಂತೆ ಕೆಲಸ ಹಂಚಿದ. ಹಣವಿದ್ದವರು ಹಣ, ಇಲ್ಲದವರು ಮೈದುಡಿತ. ನಮ್ಮವರಿಗೆ ಮಾತ್ರ ಮಾಡಿದರೆ ಅದರಲ್ಲೇನು ದೊಡ್ಡದು ಎಂದು ಅನ್ಯಮತದವರಿಗೂ ನೆರವು ಕೊಡಿಸಿದ ಎನ್ನುತ್ತಾನೆ ಪೊಂಟಿಯಸ್.

## ಇನ್ನೂ ಒಳಗೆ

ರೋಮ್ ಬಿಷಪ್ ಇವನಿಗೆ ಬಾಸ್ ಆಗಿದ್ನಾ ಇಲ್ವಾ? ನೇರವಾಗಿ ಹೇಳಿ.

ಬಾಸ್ ಅಲ್ಲ. ಹಿರಿಯ ಪೀಠ, ಗೌರವದ ಪೀಠ. ಆದರೆ ಕಾರ್ತೇಜಿಗೆ ಆಜ್ಞೆ ಮಾಡುವ ಪೀಠ ಎಂದು ಸಿಪ್ರಿಯನ್ ಒಪ್ಪಲಿಲ್ಲ. 'ಪಾಪಾ', ಅಂದರೆ ಅಪ್ಪ, ಎಂಬ ಹೆಸರನ್ನು ಆಗ ರೋಮಿನ ಗುರುವರ್ಗವೇ ಇವನಿಗೆ ಬಳಸಿದೆ.

ಪರೀಕ್ಷೆ ಬಂದದ್ದು ಸ್ಟೀಫನ್ ರೋಮಿನ ಬಿಷಪನಾಗಿದ್ದಾಗ. ಭಿನ್ನಮತದವರಲ್ಲಿ ದೀಕ್ಷಾಸ್ನಾನ ಪಡೆದವನು ನಮ್ಮಲ್ಲಿಗೆ ಬಂದರೆ ಮತ್ತೆ ಸ್ನಾನ ಮಾಡಿಸಬೇಕೆ? ಬೇಡ, ತಲೆಯ ಮೇಲೆ ಕೈಯಿಟ್ಟರೆ ಸಾಕು, ಇದು ಪದ್ಧತಿ ಎಂದ ಸ್ಟೀಫನ್. ಸಭೆಯ ಹೊರಗೆ ಆದದ್ದು ಸ್ನಾನವೇ ಅಲ್ಲ ಎಂದ ಸಿಪ್ರಿಯನ್. ಸತ್ಯವಿಲ್ಲದ ಪದ್ಧತಿ ಎಂದರೆ ಹಳತಾದ ತಪ್ಪು, ಅಷ್ಟೆ. 256ರ ಸೆಪ್ಟೆಂಬರ್ 1ರಂದು ಸೇರಿದ ಸಭೆಯಲ್ಲಿ 87 ಬಿಷಪರ ಅಭಿಪ್ರಾಯ ಒಂದೊಂದಾಗಿ ದಾಖಲಾಗಿದೆ. 'ನಮ್ಮಲ್ಲಿ ಯಾರೂ ತನ್ನನ್ನು ಬಿಷಪರ ಬಿಷಪ್ ಎಂದುಕೊಂಡಿಲ್ಲ' ಎಂಬುದು ಸಿಪ್ರಿಯನ್‌ನ ಆರಂಭದ ಮಾತು. ಬಾಣ ಯಾರ ಕಡೆಗೆ ಎಂದು ಎಲ್ಲರಿಗೂ ಗೊತ್ತಿತ್ತು. ತಮಾಷೆಯೆಂದರೆ, ಈ ವಿಷಯದಲ್ಲಿ ಪಶ್ಚಿಮದ ಸಭೆ ಕೊನೆಗೆ ಹಿಡಿದದ್ದು ಸ್ಟೀಫನ್‌ನ ದಾರಿ, ಸಂತನೆಂದು ಹೊಗಳಿದ್ದು ಇಬ್ಬರನ್ನೂ.

ಬಿಷಪ್ ಪದವಿ ಒಂದೇ, ಪ್ರತಿಯೊಬ್ಬನೂ ಅದರಲ್ಲಿ ಇಡಿಯಾಗಿ ಪಾಲುದಾರ ಎಂಬ ಅವನ ಮಾತು ಅನುವಾದಗಳಲ್ಲಿ ಗೋಜಲಾಗುತ್ತದೆ. ನಮಗೆ ಕಷ್ಟವಾಗಬಾರದು. ಪಾಲಾಗದ ಕೂಡುಕುಟುಂಬದ ಆಸ್ತಿಯನ್ನು ನೆನೆಯಿರಿ: ಇದು ನಿನ್ನ ಮೂಲೆ, ಅದು ನನ್ನ ಮೂಲೆ ಎಂದಿಲ್ಲ, ಪ್ರತಿ ಅಣ್ಣತಮ್ಮನಿಗೂ ಇಡೀ ಮನೆಯ ಮೇಲೆ ಹಕ್ಕು, ಇಡೀ ಸಾಲಕ್ಕೂ ಹೊಣೆ. ಹಿರಿಯಣ್ಣ ಇದ್ದಾನೆ, ಯಜಮಾನಿಕೆ ಎಷ್ಟು ಎಂಬುದರಲ್ಲೇ ತಕರಾರು.

ಕೆಟ್ಟ ಬಿಷಪ್‌ನ ಜನ ಕೆಳಗಿಳಿಸಬಹುದಿತ್ತಾ?

ಸ್ಪೇನಿನಲ್ಲಿ ಆಯಿತು. ಬಸಿಲಿಡೆಸ್, ಮಾರ್ಷಿಯಾಲಿಸ್ ಎಂಬ ಇಬ್ಬರು ಬಿಷಪರು ಡೆಸಿಯಸ್ ಕಾಲದಲ್ಲಿ ಪ್ರಮಾಣಪತ್ರ ಪಡೆದಿದ್ದರು. ಮಾರ್ಷಿಯಾಲಿಸ್ ಅನ್ಯಮತೀಯರ ಸಂಘದ ಔತಣಗಳಿಗೆ ಹೋಗಿ, ತನ್ನ ಮಕ್ಕಳನ್ನು ಆ ಸಂಘದವರ ರೀತಿಯಲ್ಲೇ ಮಣ್ಣು ಮಾಡಿಸಿದ್ದ. ಅವರ ಜಾಗಕ್ಕೆ ಬೇರೆಯವರು ಬಂದರು. ಬಸಿಲಿಡೆಸ್ ರೋಮಿಗೆ ಹೋಗಿ ಸ್ಟೀಫನ್‌ನನ್ನು ಒಲಿಸಿಕೊಂಡ. ಕಾರ್ತೇಜಿನಲ್ಲಿ ಸೇರಿದ 37 ಬಿಷಪರು ಊರಿನವರ ಪಕ್ಷ ಹಿಡಿದರು: ಯೋಗ್ಯರನ್ನು ಆರಿಸುವ, ಅಯೋಗ್ಯರನ್ನು ತಿರಸ್ಕರಿಸುವ ಶಕ್ತಿ ಮುಖ್ಯವಾಗಿ ಜನರಿಗೇ ಇದೆ. ಆದರೆ ತನ್ನದೇ ಊರಲ್ಲಿ ತನ್ನನ್ನು ತಿರಸ್ಕರಿಸಿದವರಿಗೆ ಸಿಪ್ರಿಯನ್ ಈ ಸೂತ್ರವನ್ನು ಅನ್ವಯಿಸಲಿಲ್ಲ. ಅಲ್ಲಿ ಅವರು ಬಂಡಾಯಗಾರರು.

ಬಿಷಪ್ ಯಾವಾಗ ಸರ್ಕಾರಿ ದೊಡ್ಡ ಮನುಷ್ಯ ಆದ?

ಕಾನ್‌ಸ್ಟಂಟೈನ್ ಕಾಲದಲ್ಲಿ, ಅದೂ ಕಾರ್ತೇಜಿನಿಂದಲೇ ಎನ್ನಬಹುದು. 312–13ರ ಆಸುಪಾಸಿನಲ್ಲಿ ಚಕ್ರವರ್ತಿ ಅಲ್ಲಿನ ಬಿಷಪ್ ಸೆಸಿಲಿಯನ್‌ಗೆ 3000 ಫೊಲ್ಲಿಸ್ ಹಣ ಕೊಡಿಸಿದ, ಅವನ ಗುರುವರ್ಗವನ್ನು ಊರಿನ ದುಬಾರಿ ಸಾರ್ವಜನಿಕ ಹೊಣೆಗಳಿಂದ ಬಿಡಿಸಿದ. (ಸಿಪ್ರಿಯನ್‌ನ ಗುರು ಸೆಸಿಲಿಯನ್ ಬೇರೆ, ಇವನು ಬೇರೆ.) 318 ಮತ್ತು 333ರ ಕಾನೂನುಗಳು ಬಿಷಪನ ತೀರ್ಪಿಗೆ ಸರ್ಕಾರಿ ಬೆಲೆ ಕೊಟ್ಟವು. ಸಿಪ್ರಿಯನ್‌ನ ಕಾಲದಲ್ಲಿ ಒಬ್ಬ ಹಿರಿಯನನ್ನು ಉಯಿಲಿನಲ್ಲಿ ಮಕ್ಕಳ ಪೋಷಕನನ್ನಾಗಿ ನೇಮಿಸಿದ ತಪ್ಪಿಗೆ, ಸತ್ತವನ ಹೆಸರಿನಲ್ಲಿ ಪ್ರಾರ್ಥನೆಯೇ ಬೇಡ ಎಂದು ತೀರ್ಪಾಗಿತ್ತು. ದೇವರ ಸೇವಕ ಲೌಕಿಕ ವ್ಯವಹಾರಕ್ಕೆ ಸಿಕ್ಕಿಕೊಳ್ಳಬಾರದೆಂದು. ನೂರೈವತ್ತು ವರ್ಷದ ಮೇಲೆ ಹಿಪ್ಪೊ ಊರಿನ ಬಿಷಪ್ ಆಗಸ್ಟೀನ್ ಬೆಳಗಿನಿಂದ ಆಸ್ತಿಜಗಳ ಕೇಳುತ್ತ ಕೂತು, ಓದಲು ಸಮಯವಿಲ್ಲ ಎಂದು ಹಲುಬುತ್ತಿದ್ದ.

ಡೊನಾಟಿಸ್ಟ್ ಜಗಳ ಅಂದ್ರೇನು? ಎರಡು ಸಾಲಲ್ಲಿ ಹೇಳಕ್ಕಾಗುತ್ತಾ?

ಎರಡು ಸಾಲು ಸಾಲದು. ಸೆಸಿಲಿಯನ್ ಬಿಷಪನಾದಾಗ, ಅವನ ತಲೆಯ ಮೇಲೆ ಕೈಯಿಟ್ಟ ಫೆಲಿಕ್ಸ್ ಹಿಂಸೆಯ ಕಾಲದಲ್ಲಿ ಪವಿತ್ರ ಗ್ರಂಥಗಳನ್ನು ಸರ್ಕಾರಕ್ಕೆ ಒಪ್ಪಿಸಿದವನೆಂಬ ಆರೋಪ ಎದ್ದಿತು. ಹಾಗಾದರೆ ಸೆಸಿಲಿಯನ್ ಬಿಷಪನೇ ಅಲ್ಲ ಎಂದರು. ಇನ್ನೊಂದು ಎಳೆ ಲೂಸಿಲ್ಲಾ ಎಂಬ ಶ್ರೀಮಂತ ಹೆಂಗಸಿನದು. ಪ್ರಸಾದಕ್ಕೆ ಮೊದಲು ಆಕೆ ಒಬ್ಬ ರಕ್ತಸಾಕ್ಷಿಯ ಎಲುಬಿಗೆ ಮುತ್ತಿಡುತ್ತಿದ್ದಳು. ಸಭಾಸೇವಕನಾಗಿದ್ದಾಗ ಸೆಸಿಲಿಯನ್ ಗದರಿಸಿದ್ದ. ನುಮಿಡಿಯಾದ ಸುಮಾರು 70 ಬಿಷಪರು ಆಕೆಯ ಮನೆಯ ಆಳು ಮಜೋರಿನಸ್‌ನನ್ನು ಎದುರು ಬಿಷಪನನ್ನಾಗಿ ಮಾಡಿದರು. ಅವನ ನಂತರ ಬಂದವನು ಡೊನಾಟಸ್. ನೂರು ವರ್ಷ ಊರೂರಿಗೂ ಇಬ್ಬಿಬ್ಬರು ಬಿಷಪರು. 411ರ ಜೂನ್‌ನಲ್ಲಿ ಕಾರ್ತೇಜಿನ ಸ್ನಾನಗೃಹವೊಂದರಲ್ಲಿ ಎರಡೂ ಕಡೆಯವರು ತಲಾ 280ರ ಆಸುಪಾಸಿನಲ್ಲಿ ಸೇರಿದರು. 'ದುಷ್ಟರ ಜೊತೆ ಕೂರುವುದಿಲ್ಲ' ಎಂಬ ಕೀರ್ತನೆ ಹೇಳಿ ಡೊನಾಟಿಸ್ಟರು ನಿಂತೇ ಇದ್ದರು. ವಿಚಾರಣೆ ನಡೆಸಲು ಬಂದ ಅಧಿಕಾರಿ ಮಾರ್ಸೆಲಿನಸ್ ಮರ್ಯಾದೆಗೆ ತಾನೂ ನಿಂತ. ಎರಡೂ ಕಡೆಯವರು ತಮ್ಮ ಪರ ಸಾಕ್ಷಿಯಾಗಿ ಎಳೆದು ತರುತ್ತಿದ್ದದ್ದು ಒಬ್ಬನನ್ನೇ, ಸಿಪ್ರಿಯನ್‌ನನ್ನು.

ಮೊದಲ ಸಲ ಅಡಗಿದವನು ಎರಡನೇ ಸಲ ಯಾಕೆ ಓಡಲಿಲ್ಲ?

ಎರಡನೇ ಸಲವೂ ಅಡಗಿದ, ಕೆಲವು ದಿನ. ಕಾರಣ ಕೇಳಿದರೆ ಈ ಹುದ್ದೆಯ ಬಗ್ಗೆ ಅವನ ಮನಸ್ಸಿನಲ್ಲಿದ್ದದ್ದು ತಿಳಿಯುತ್ತದೆ.

ವಲೇರಿಯನ್ ಚಕ್ರವರ್ತಿಯ ಕಾಲ. 257ರ ಆಗಸ್ಟ್ 30ರಂದು ಪ್ರೊಕಾನ್ಸಲ್ ಪಟೇರ್ನಸ್ ಅವನನ್ನು ಕರೆಸಿ ವಿಚಾರಿಸಿದ. ಊರಿನ ಹಿರಿಯರ ಹೆಸರು ಹೇಳು ಎಂದ. ಚಾಡಿಕೋರರು ಇರಬಾರದೆಂದು ನಿಮ್ಮ ಕಾನೂನೇ ಹೇಳುತ್ತದೆ, ನಾನು ಹೇಳಲಾರೆ ಎಂದ ಸಿಪ್ರಿಯನ್. ಕುರುಬಿಸ್ ಎಂಬ ಕಡಲೂರಿಗೆ ಗಡೀಪಾರಾಯಿತು. ಮರುವರ್ಷ ಆಜ್ಞೆ ಬಿಗಿಯಾಗಿ, ಆಗಸ್ಟ್ 6ರಂದು ರೋಮಿನ ಬಿಷಪ್ ಸಿಕ್ಸ್ಟಸ್‌ನ ತಲೆ ಹೋಯಿತು. ತನ್ನ ತೋಟಕ್ಕೆ ಮರಳಿದ್ದ ಸಿಪ್ರಿಯನ್‌ಗೆ ಸುದ್ದಿ ಬಂತು: ಹೊಸ ಪ್ರೊಕಾನ್ಸಲ್ ಯುಟಿಕಾ ಊರಿನಲ್ಲಿದ್ದಾನೆ, ಅಲ್ಲಿಗೆ ಒಯ್ಯಲು ಸೈನಿಕರು ಬರುತ್ತಿದ್ದಾರೆ. ಅವನು ಜಾಗ ಬಿಟ್ಟು ಅಡಗಿದ. ತನ್ನ ಸಭೆಗೆ ಬರೆದ ಕೊನೆಯ ಪತ್ರದಲ್ಲಿ ಕಾರಣ ಇದೆ. ಬಿಷಪ್ ಯಾವ ಊರಿನ ಸಭೆಯನ್ನು ನಡೆಸುತ್ತಾನೋ ಅದೇ ಊರಲ್ಲಿ, ಅವನ ಜನರ ಎದುರಲ್ಲಿ ನಂಬಿಕೆ ಸಾರಬೇಕು. ಆ ಗಳಿಗೆಯಲ್ಲಿ ಅವನು ಆಡುವ ಮಾತು ಎಲ್ಲರ ಬಾಯಿಂದ ಬಂದ ಮಾತು. ಯುಟಿಕಾದಲ್ಲಿ ಸತ್ತರೆ ಕಾರ್ತೇಜಿಗೆ ಸಲ್ಲಬೇಕಾದ ಮಾನ ತಪ್ಪಿಹೋಗುತ್ತದೆ.

ಪ್ರೊಕಾನ್ಸಲ್ ಗಲೇರಿಯಸ್ ಮ್ಯಾಕ್ಸಿಮಸ್ ಕಾರ್ತೇಜಿನ ಕಡೆಗೆ ಬಂದ ಮೇಲೆ ಸಿಪ್ರಿಯನ್ ತನ್ನ ತೋಟಕ್ಕೆ ವಾಪಸಾಗಿ ಕಾದು ಕೂತ. ಸೆಪ್ಟೆಂಬರ್ 13ರಂದು ಹಿಡಿದು ಒಯ್ದರು. ಮರುದಿನದ ವಿಚಾರಣೆ ಗಿಡ್ಡ. ನೀನು ಥಾಸಿಯಸ್ ಸಿಪ್ರಿಯನಸ್? ಹೌದು. ಈ ಜನಕ್ಕೆ ಪಾಪಾ ಆಗಿ ನಿಂತವನು ನೀನೆ? ನಾನೇ. ಚಕ್ರವರ್ತಿಗಳು ಬಲಿ ಕೊಡು ಎಂದಿದ್ದಾರೆ. ಕೊಡುವುದಿಲ್ಲ. ಯೋಚಿಸು. ಇಷ್ಟು ನ್ಯಾಯದ ವಿಷಯದಲ್ಲಿ ಯೋಚಿಸಲು ಏನೂ ಇಲ್ಲ.

ತೀರ್ಪು ಕೇಳಿ 'ದೇವರಿಗೆ ಸ್ತೋತ್ರ' ಎಂದ. 'ನಮ್ಮ ತಲೆಯನ್ನೂ ಕಡಿಯಿರಿ' ಎಂದು ಜನ ಕೂಗುತ್ತ ಹಿಂದೆ ನಡೆದರು. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿ ಎಂದು ತನ್ನವರಿಗೆ ಹೇಳಿದ. ಅವನ ಮುಂದೆ ನೆಲದ ಮೇಲೆ ಜನ ಬಟ್ಟೆ, ಕರವಸ್ತ್ರಗಳನ್ನು ಹಾಸಿದರು. ಜೂಲಿಯನ್ ಎಂಬ ಹಿರಿಯ, ಅದೇ ಹೆಸರಿನ ಉಪಸೇವಕ, ಇಬ್ಬರೂ ಸೇರಿ ಅವನ ಕಣ್ಣಿಗೆ ಬಟ್ಟೆ ಕಟ್ಟಿದರು. ರಾತ್ರಿ ಮೇಣದಬತ್ತಿ, ಪಂಜು ಹಿಡಿದು, ಊರಿನ ಮೀನುಕೊಳಗಳ ಹತ್ತಿರದ ಸ್ಮಶಾನಕ್ಕೆ ಮೆರವಣಿಗೆಯಲ್ಲಿ ಹೊತ್ತೊಯ್ದರು. ಕೆಲವೇ ದಿನಗಳಲ್ಲಿ ಪ್ರೊಕಾನ್ಸಲ್ ಕೂಡ ತೀರಿಕೊಂಡ.